ಕ್ಯಾಪ್ ತೆರೆದಿದ್ದ 38 ನಿಮಿಷ: ಕೊಪ್ಪಳದ ಒಂದು ಕಾರ್ಖಾನೆಯ ಕಾನೂನು ವಿಭಾಗದ ಪ್ರಕರಣ

ಕೊಪ್ಪಳದಿಂದ ಹೊಸಪೇಟೆ ಕಡೆಗೆ ಹೊರಟರೆ ಗಿಣಿಗೇರಾ ಸುತ್ತಮುತ್ತ ಚಿಮಣಿಗಳ ಸಾಲು ಕಾಣುತ್ತದೆ. ಆ ಭಾಗದ ಒಂದು ಕಾರ್ಖಾನೆಯ ಕಾನೂನು ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಅದಿರು ಮತ್ತು ಕಲ್ಲಿದ್ದಲನ್ನು ತಿರುಗುವ ಉದ್ದ ಕುಲುಮೆಯಾದ ಕಿಲ್ನ್‌ಗೆ ಹಾಕಿ ಸ್ಪಾಂಜ್ ಐರನ್ ಮಾಡುತ್ತೇವೆ. ಅದನ್ನು ಫರ್ನೇಸ್‌ನಲ್ಲಿ ಕರಗಿಸಿ ಬಿಲ್ಲೆಟ್ (ಉಕ್ಕಿನ ದಿಮ್ಮಿ) ಎರೆಯುತ್ತೇವೆ. ಕಾನೂನು ವಿಭಾಗ ಅಂದರೆ ಮೂರೇ ಜನ. ನಾನು, ಒಬ್ಬ ಹಿರಿಯ ಸಹೋದ್ಯೋಗಿ, ರಾಯಚೂರಿನಿಂದ ಬಂದ ಒಬ್ಬ ಕಿರಿಯ ವಕೀಲೆ.

ನಾನು ಈ ಕೆಲಸಕ್ಕೆ ಬಂದ ಕಾಲ ಬೇರೆ ಇತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತ್ತು. ಅದಿರು ಇ-ಹರಾಜಿನಲ್ಲಿ ಮಾತ್ರ ಸಿಗುತ್ತಿತ್ತು. ಉಲ್ಲಂಘನೆ ಎಷ್ಟಿದೆ ಎಂದು ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ 2013ರ ಏಪ್ರಿಲ್ 18ರಂದು ತೀರ್ಪು ಬಂತು. ಆಗ ನಮ್ಮ ಕೆಲಸ ಅಂದರೆ ಪರ್ಮಿಟ್, ಲಾರಿ, ಹರಾಜಿನ ರಸೀದಿ ಮತ್ತು ಬೆಂಗಳೂರಿಗೆ ರಾತ್ರಿ ಬಸ್ಸು. ಏನಾದರೂ ಆದ ಮೇಲೆ ಫೈಲು ನಮ್ಮ ಮೇಜಿಗೆ ಬರುತ್ತಿತ್ತು. ಕಿಲ್ನ್ ಹತ್ತಿರ ನಾನು ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಹೋಗುತ್ತಿದ್ದೆ, ಅಷ್ಟೇ.

ಆ ಅಭ್ಯಾಸ ಬದಲಾದದ್ದು 2025ರ ನವೆಂಬರ್ ಕೊನೆಯ ವಾರದಲ್ಲಿ.

ಒಂದೇ ದಿನ ಬಂದ ಎರಡು ಕಾಗದ

ಬೆಳಿಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸ್ ಬಂತು. ಹಿಂದಿನ ವಾರ ಒಂದು ರಾತ್ರಿ ನಮ್ಮ ಘಟಕದಿಂದ ದಟ್ಟ ಕಪ್ಪು ಹೊಗೆ ಹೊರಟಿದೆ, ಪಕ್ಕದ ಊರಿನವರು ವಿಡಿಯೋ ಸಮೇತ ದೂರು ಕೊಟ್ಟಿದ್ದಾರೆ, ವಿವರಣೆ ಕೊಡಿ ಎಂದು ಅದರಲ್ಲಿತ್ತು.

ಮಧ್ಯಾಹ್ನ ಮಹಾರಾಷ್ಟ್ರದ ಒಬ್ಬ ಗಿರಾಕಿಯಿಂದ ಇಮೇಲ್ ಬಂತು. ಅವರು ನಮ್ಮ ಬಿಲ್ಲೆಟ್ ಕೊಂಡು ಸರಳು ಮಾಡಿ ಯುರೋಪಿಗೆ ಕಳುಹಿಸುತ್ತಾರೆ. ಹೊರಗಿನಿಂದ ಬರುವ ಉಕ್ಕಿಗೆ ಅದರ ಇಂಗಾಲದ ಲೆಕ್ಕದ ಮೇಲೆ ಶುಲ್ಕ ಹಾಕುವ ನಿಯಮ ಯುರೋಪಿನಲ್ಲಿ ಬಂದಿದೆ. ಸಿಬಿಎಎಂ ಅಂತ ಕರೆಯುತ್ತಾರೆ. 2023ರ ಅಕ್ಟೋಬರ್ 1ರಿಂದ ವರದಿ ಮಾತ್ರ ಕೊಟ್ಟರೆ ಸಾಕಿತ್ತು. 2026ರ ಜನವರಿ 1ರಿಂದ ಹಣದ ಲೆಕ್ಕ ಶುರು. ಸರಳು ಮಾಡಿದವರ ಹೊಗೆ ಮಾತ್ರ ಅಲ್ಲ, ಅದಕ್ಕೆ ಬಳಸಿದ ಬಿಲ್ಲೆಟ್ಟಿನ ಹೊಗೆ, ಬಿಲ್ಲೆಟ್ಟಿಗೆ ಬಳಸಿದ ಸ್ಪಾಂಜ್ ಐರನ್ನಿನ ಹೊಗೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಕೊಪ್ಪಳದ ಕಿಲ್ನ್ ಕೂಡ.

ನಮ್ಮದು ಷೇರುಪೇಟೆಯಲ್ಲಿ ಇರುವ ಕಂಪನಿ ಅಲ್ಲ. ಮೊದಲ 1000 ಲಿಸ್ಟೆಡ್ ಕಂಪನಿಗಳು 2022-23ರಿಂದ ಪರಿಸರ ಮತ್ತು ಹೊಣೆಗಾರಿಕೆಯ ವರದಿ ಕೊಡಲೇಬೇಕು ಎಂಬ, ಷೇರುಪೇಟೆ ನಿಯಂತ್ರಿಸುವ ಸೆಬಿಯ ನಿಯಮ ನಮಗೆ ನೇರವಾಗಿ ತಾಗುವುದಿಲ್ಲ. ಆದರೆ ಗಿರಾಕಿಗೆ ತಾಗುತ್ತದೆ. ಅವರ ಪ್ರಶ್ನೆಗಳು ಇಳಿದು ಇಳಿದು ನಮ್ಮ ಮೇಜಿಗೆ ಬರುತ್ತವೆ. ದೊಡ್ಡವರಿಗೆ ಹಾಕಿದ ನಿಯಮ ಚಿಕ್ಕವರ ಮನೆಗೆ ಒಪ್ಪಂದದ ಕಾಗದವಾಗಿ ಬರುತ್ತದೆ.

ಆ ದಿನ ನಾನು ಈ ಎರಡು ಕಾಗದಗಳನ್ನು ಎರಡು ಬೇರೆ ಫೈಲಿಗೆ ಹಾಕಿದೆ. ಅದೇ ನನ್ನ ಮೊದಲ ತಪ್ಪು.

ಚಿಮಣಿ ಹೇಳಿದ ನಿಜ

ನೋಟಿಸಿಗೆ ಉತ್ತರ ಬರೆಯುವುದು ಸುಲಭ ಅನ್ನಿಸಿತು. ಜಾಸ್ತಿ ಮಾಲಿನ್ಯ ಮಾಡುವ 17 ಬಗೆಯ ಉದ್ದಿಮೆಗಳು ಚಿಮಣಿಗೆ ಆನ್‌ಲೈನ್ ಮಾಪಕ ಹಾಕಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ನಮ್ಮಲ್ಲೂ ಇದೆ. ಅದರ ಅಂಕಿ ನೇರವಾಗಿ ಮಂಡಳಿಯ ಸರ್ವರಿಗೆ ಹೋಗುತ್ತದೆ. ಕಲ್ಲಿದ್ದಲಿನ ಸ್ಪಾಂಜ್ ಐರನ್ ಘಟಕಕ್ಕೆ 2008ರ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ 100 ಮಿಲಿಗ್ರಾಂ ಧೂಳಿನವರೆಗೆ ಮಿತಿ. ಆ ರಾತ್ರಿಯ ಅಂಕಿ ತೆಗೆಸಿದೆ. ಎಲ್ಲೂ 100 ದಾಟಿಲ್ಲ. ದೂರಿನಲ್ಲಿ ಹೇಳಿದ ಹೊತ್ತಿಗಂತೂ ಅಂಕಿ ಬೇರೆ ಹೊತ್ತಿಗಿಂತ ಕೆಳಗೇ ಇತ್ತು.

ಸರ್ಕಾರಿ ಸರ್ವರಿನಲ್ಲಿರುವ ಅಂಕಿ. ಇದಕ್ಕಿಂತ ಗಟ್ಟಿ ಸಾಕ್ಷಿ ಏನಿದೆ ಅಂದುಕೊಂಡೆ. ಕರಡು ಉತ್ತರ ತಯಾರಾಯಿತು.

ಅದನ್ನು ಕಳುಹಿಸುವ ಮುಂಚೆ ನಮ್ಮ ಕಿರಿಯ ವಕೀಲೆ ಒಂದು ಮಾತು ಕೇಳಿದರು. "ಸರ್, ವಿಡಿಯೋದಲ್ಲಿ ಹೊಗೆ ಇದೆಯಲ್ಲ. ಅದು ಎಲ್ಲಿಂದ ಬಂತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಕಿಲ್ನ್ ಕಡೆ ಹೋದೆವು. ಆ ರಾತ್ರಿ ಪಾಳಿಯಲ್ಲಿದ್ದ ಮೇಲ್ವಿಚಾರಕರು ಅಲ್ಲೇ ಸಿಕ್ಕರು. ಇಪ್ಪತ್ತು ವರ್ಷದಿಂದ ಕಿಲ್ನ್ ಮುಂದೆ ನಿಂತವರು. ಮೊದಲು ಸುಮ್ನೆ ನಿಂತರು. ಆಮೇಲೆ ಕೈ ಎತ್ತಿ ಮೇಲೆ ತೋರಿಸಿದರು.

"ಸರ, ಕ್ಯಾಪ್ ತಗದಾಗ ಹೊಗಿ ಚಿಮಣಿಗೆ ಬರೋದೇ ಇಲ್ರಿ. ಇಲ್ಲೇ ಮ್ಯಾಲಿಂದ ಹೋಗಿಬಿಡ್ತೈತ್ರಿ. ಮೀಟರ್ ಇರೋದು ಚಿಮಣ್ಯಾಗ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಪ್ರಕರಣ ಇಲ್ಲಿದೆ. ಕಿಲ್ನ್‌ನಿಂದ ಹೊರಟ ಬಿಸಿ ಅನಿಲ ಮೊದಲು ಒಂದು ದಹನ ಕೋಣೆಗೆ ಬರುತ್ತದೆ. ಅಲ್ಲಿಂದ ಬಾಯ್ಲರ್‌ಗೆ ಶಾಖ ಕೊಟ್ಟು, ಇಎಸ್‌ಪಿ ಎಂಬ ಧೂಳು ಹಿಡಿಯುವ ಯಂತ್ರದ ಮೂಲಕ ಹಾದು, ಕೊನೆಗೆ ಚಿಮಣಿ ಸೇರುತ್ತದೆ. ದಹನ ಕೋಣೆಯ ತಲೆಯ ಮೇಲೆ ಒಂದು ಮುಚ್ಚಳ ಇರುತ್ತದೆ. ಅದೇ ಸ್ಟ್ಯಾಕ್ ಕ್ಯಾಪ್. ಕರೆಂಟು ಹೋಗಿ ಫ್ಯಾನು ನಿಂತರೆ ಅನಿಲ ಒಳಗೇ ತುಂಬಿ ಅನಾಹುತ ಆಗಬಾರದು ಎಂದು ಅದನ್ನು ತೆರೆಯುತ್ತಾರೆ. ಆಗ ಹೊಗೆ ಇಎಸ್‌ಪಿಗೂ ಹೋಗುವುದಿಲ್ಲ, ಚಿಮಣಿಗೂ ಹೋಗುವುದಿಲ್ಲ. ನೇರ ಆಕಾಶಕ್ಕೆ. ಊರಿನ ಮೇಲೆ ಕರಿಬೂದಿ ಬೀಳುವ ಹೊತ್ತಿನಲ್ಲೇ ಚಿಮಣಿಯ ಮಾಪಕ ಅತಿ ಕಡಿಮೆ ಧೂಳು ತೋರಿಸುತ್ತದೆ.

ಅಂಕಿ ಸುಳ್ಳಲ್ಲ. ಆದರೆ ನಾನು ಅದರಿಂದ ಹೇಳಲು ಹೊರಟಿದ್ದು ಪೂರ್ತಿ ಸುಳ್ಳು. ಅವರು ಬಾಯಿ ಬಿಡದಿದ್ದರೆ ನಾನು ಸಹಿ ಹಾಕಿ ಕಳುಹಿಸುತ್ತಿದ್ದೆ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆ ರಾತ್ರಿ ಕರೆಂಟು ಹೋಗಿತ್ತು. ಡೀಸೆಲ್ ಜನರೇಟರ್ ಮೊದಲು ಕಿಲ್ನ್ ತಿರುಗಿಸಲು ಬೇಕು, ಯಾಕೆಂದರೆ ಬಿಸಿ ಕಿಲ್ನ್ ತಿರುಗದೆ ನಿಂತರೆ ಬಾಗಿಬಿಡುತ್ತದೆ. ಫ್ಯಾನಿಗೂ ಇಎಸ್‌ಪಿಗೂ ಸಾಕಾಗುವಷ್ಟು ಜನರೇಟರ್ ನಮ್ಮಲ್ಲಿ ಇರಲಿಲ್ಲ. ಪಾಳಿ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಕ್ಯಾಪ್ ಓಪನ್, 38 ನಿಮಿಷ.

ಇಎಸ್‌ಪಿಯ ಕರೆಂಟ್ ಮೀಟರ್

ಒಂದು ರಾತ್ರಿಯೇ ಅಥವಾ ಹಿಂದೆಯೂ ಆಗಿದೆಯೇ? ಪಾಳಿ ಪುಸ್ತಕ ನಂಬುವಂತಿರಲಿಲ್ಲ. ಕೆಲವು ಪಾಳಿಯವರು ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ. ಇಎಸ್‌ಪಿಗೆ ಬೇರೆಯೇ ಕರೆಂಟ್ ಮೀಟರ್ ಇದೆ ಎಂದು ನೆನಪಿಸಿದ್ದು ನಮ್ಮ ಎಲೆಕ್ಟ್ರಿಕಲ್ ವಿಭಾಗದವರು. ಇಎಸ್‌ಪಿ ನಿಂತರೆ ಯೂನಿಟ್ ಇಳಿಯಲೇಬೇಕು. ಏಪ್ರಿಲ್‌ನಿಂದ ಆ ದಿನದವರೆಗಿನ ಗಂಟೆಗಂಟೆಯ ಓದನ್ನು ತೆಗೆದು ಉತ್ಪಾದನೆಯ ಹಾಳೆಯ ಪಕ್ಕದಲ್ಲಿ ಇಟ್ಟೆವು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಕಾಗಲಿಲ್ಲ. ಒಂದು ಸ್ಪ್ರೆಡ್‌ಶೀಟ್, ಎರಡು ರಾತ್ರಿ ಸಾಕಾಯಿತು. ಕಿಲ್ನ್ ನಡೆಯುತ್ತಿದ್ದು ಇಎಸ್‌ಪಿ ನಿಂತಿದ್ದ ರಾತ್ರಿಗಳು ಇನ್ನೂ ನಾಲ್ಕು ಸಿಕ್ಕವು. ನಾಲ್ಕೂ ಸೆಪ್ಟೆಂಬರ್ ಒಳಗಿನವು.

ಇದು ನಮ್ಮನ್ನು ಇನ್ನೊಂದು ಇಕ್ಕಟ್ಟಿಗೆ ತಂದಿತು. ಪರಿಸರ ಅನುಮತಿಯ ಷರತ್ತುಗಳನ್ನು ಹೇಗೆ ಪಾಲಿಸಿದ್ದೇವೆ ಎಂಬ ಅರ್ಧವಾರ್ಷಿಕ ವರದಿಗೆ ಡಿಸೆಂಬರ್ 1 ಗಡುವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಕರಡು ವರದಿಯಲ್ಲಿ "ಮಾಲಿನ್ಯ ನಿಯಂತ್ರಣ ಉಪಕರಣಗಳು ಸದಾ ಚಾಲನೆಯಲ್ಲಿದ್ದವು" ಎಂಬ ಸಾಲಿತ್ತು. ಹಿಂದಿನ ವರದಿಯಿಂದ ಹಾಗೇ ನಕಲಾಗಿ ಬಂದ ಸಾಲು. ಅದರ ಹಿಂದಿನದರಲ್ಲೂ ಇತ್ತು.

ಊರಿಗೆ ಹೋದದ್ದು

ಉತ್ತರ ಬರೆಯುವ ಮುಂಚೆ ದೂರು ಕೊಟ್ಟವರನ್ನು ನೋಡೋಣ ಅಂದೆ. ಪ್ಲಾಂಟ್ ಹೆಡ್‌ಗೆ ಇಷ್ಟ ಇರಲಿಲ್ಲ. ಅವರ ಹೆದರಿಕೆಗೂ ಕಾರಣ ಇತ್ತು. 2025ರ ಫೆಬ್ರವರಿಯಲ್ಲಿ ಕಾರ್ಖಾನೆ ವಿಸ್ತರಣೆ ಬೇಡ ಎಂದು ಇಡೀ ಕೊಪ್ಪಳ ಬಂದ್ ಆಗಿತ್ತು, ಗವಿಮಠದ ಶ್ರೀಗಳೇ ಬೀದಿಗೆ ಇಳಿದಿದ್ದರು. ಆದರೂ ಹೋದೆವು.

ಒಬ್ಬ ಅಜ್ಜಿ ಮನೆಯೊಳಗೆ ಕರೆದು ಜೋಳದ ಹಿಟ್ಟಿನ ಡಬ್ಬಿ ಮುಂದಿಟ್ಟರು. ಜನವರಿಯ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಊರುಗಳಿಂದ ರೊಟ್ಟಿ ಹೋಗುತ್ತದೆ ಅಲ್ವಾ, ಆ ತಯಾರಿ ನಡೆದಿತ್ತು. "ನಿಮ್ಮ ಕಂಪ್ಯೂಟರ್ ಏನ್ ಹೇಳ್ತೈತೋ ನನಗ ಗೊತ್ತಿಲ್ಲ ತಮ್ಮಾ. ಜ್ವಾಳ ಒಣಗಾಕ ಹಾಕಿದ್ರ ಕರ್ರಗ ಆಗ್ತೈತಿ. ಅಜ್ಜಾರ ಜಾತ್ರಿಗೆ ಇಂಥಾ ರೊಟ್ಟಿ ಕಳಸೂದು ಹೆಂಗ?"

ನಾನು ಕಾನೂನಿನ ಮಾತು ಆಡಲಿಲ್ಲ. ತಪ್ಪಾಗಿದೆ ಅಮ್ಮಾ, ಅಂದೆ. ಹಾಗೆ ಹೇಳಲು ನನಗೆ ಕಂಪನಿಯ ಅನುಮತಿ ಇರಲಿಲ್ಲ.

ಎರಡನೇ ಫೈಲು

ಇಷ್ಟರಲ್ಲಿ ಗಿರಾಕಿಯ ಇಮೇಲ್ ಮತ್ತೆ ಬಂತು. ಒಪ್ಪಂದದ ಒಂದು ಕಲಮಿನ ನಂಬರ್ ಹಾಕಿ ಕೇಳಿದ್ದರು. ತೆಗೆದು ನೋಡಿದರೆ, ಮಾರಾಟ ವಿಭಾಗ ಸಹಿ ಹಾಕಿದ್ದ ಅನುಬಂಧದಲ್ಲಿ ನಾವು ಹೊಗೆಯ ಲೆಕ್ಕ ಕೊಡುತ್ತೇವೆ, ಅದು ತಪ್ಪಾದರೆ ನಷ್ಟ ಭರಿಸುತ್ತೇವೆ ಎಂದು ಇತ್ತು. ಬೆಲೆ, ತೂಕ, ಪಾವತಿ ಇರುವ ಮುಖ್ಯ ಒಪ್ಪಂದ ಮಾತ್ರ ನಮ್ಮ ಹತ್ತಿರ ಬಂದಿತ್ತು. ಅನುಬಂಧ ಬಂದಿರಲಿಲ್ಲ. ಆಮೇಲೆ ಎಲ್ಲ ಒಪ್ಪಂದಗಳನ್ನೂ ಸ್ಕ್ಯಾನ್ ಮಾಡಿಸಿ, ಇಂಥ ಪದಗಳನ್ನು ಹುಡುಕುವ ಸಾಫ್ಟ್‌ವೇರಿನಲ್ಲಿ ಹಾಕಿದಾಗ ಇದೇ ರೀತಿಯ ಮಾತು ಏಳು ಕಡೆ ಸಿಕ್ಕಿತು. ಒಬ್ಬ ಮನುಷ್ಯ ಕೂತು ಓದಿದ್ದರೆ ತಿಂಗಳು ಬೇಕಿತ್ತು. ತಂತ್ರಜ್ಞಾನ ನಿಜಕ್ಕೂ ಕೈ ಹಿಡಿದದ್ದು ಇಲ್ಲಿ.

ಮಾರಾಟ ವಿಭಾಗ ಆಗಲೇ ಗಿರಾಕಿಗೆ ಒಂದು ಹಾಳೆ ಕಳುಹಿಸಿತ್ತು. ಅದರ ಕಲ್ಲಿದ್ದಲ ಅಂಕಿ, ಸೆಪ್ಟೆಂಬರ್ 30ರ ಒಳಗೆ ಮಂಡಳಿಗೆ ಕೊಟ್ಟ ವಾರ್ಷಿಕ ಪರಿಸರ ಹೇಳಿಕೆಯ ಅಂಕಿ, ಲೆಕ್ಕಪತ್ರ ವಿಭಾಗದ ಅಂಕಿ ಮೂರೂ ಬೇರೆ ಬೇರೆ. ಒಂದೇ ಕಂಪನಿ, ಒಂದೇ ವರ್ಷ, ಒಂದೇ ಕಲ್ಲಿದ್ದಲು.

ಮೋಸ ಅಂದುಕೊಂಡೆ. ಹಾಗಲ್ಲ. ಲೆಕ್ಕಪತ್ರದವರದು ಲಾರಿ ತೂಗುವ ವೇಬ್ರಿಡ್ಜಿನ ತೂಕ, ಅದರಲ್ಲಿ ತೇವ ಸೇರಿದೆ. ಪರಿಸರ ವಿಭಾಗದವರದು ಕಿಲ್ನ್‌ಗೆ ಹಾಕಿದ ಒಣ ಕಲ್ಲಿದ್ದಲು. ಇದರಿಂದ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ಇಂಗಾಲ ಉರಿದರೆ ಅದರ ತೂಕದ 3.664 ಪಟ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. 100 ಟನ್ ಕಲ್ಲಿದ್ದಲಿನಲ್ಲಿ ಅರ್ಧ ಇಂಗಾಲ ಎಂದುಕೊಂಡರೆ ಸುಮಾರು 183 ಟನ್. ಅದರಲ್ಲಿ 10 ಟನ್ ನೀರಿದೆ, ಉಳಿದ 90 ಟನ್ನಿನಲ್ಲಿ ಅರ್ಧ ಇಂಗಾಲ ಎಂದರೆ 165 ಟನ್. ಬರೀ ತೇವದ ಲೆಕ್ಕದಲ್ಲಿ 18 ಟನ್ ಆಚೀಚೆ.

ತೇವದ್ದು ಗೊಂದಲ ಅಷ್ಟೇ. ಡೋಲೋಚಾರಿನದು ತಪ್ಪು. ಕಿಲ್ನ್‌ನಲ್ಲಿ ಪೂರ್ತಿ ಉರಿಯದೆ ಉಳಿಯುವ ಕಲ್ಲಿದ್ದಲಿನ ಚೂರಿಗೆ ಡೋಲೋಚಾರ್ ಅನ್ನುತ್ತಾರೆ. ಅದನ್ನು ಹೊರಗೆ ಮಾರಿದರೆ ಅದರಲ್ಲಿನ ಇಂಗಾಲವನ್ನು ನಮ್ಮ ಲೆಕ್ಕದಿಂದ ಕಳೆಯಬಹುದು. ನಮ್ಮದೇ ಬಾಯ್ಲರಿನಲ್ಲಿ ಉರಿಸಿದರೆ ಆ ಹೊಗೆಯೂ ನಮ್ಮ ಅಂಗಳದಿಂದಲೇ ಹೋಗುತ್ತದೆ, ಅದನ್ನು ಮಾಯ ಮಾಡುವ ಹಾಗಿಲ್ಲ. ಮಾರಾಟ ವಿಭಾಗ ಪೂರ್ತಿ ಕಳೆದುಬಿಟ್ಟಿತ್ತು. ನಾವು ಒಂದು ಪಾಲನ್ನು ನಮ್ಮ ಬಾಯ್ಲರಿನಲ್ಲೇ ಉರಿಸುತ್ತಿದ್ದೆವು. ಹಾಗಾಗಿ ಗಿರಾಕಿಗೆ ಕೊಟ್ಟ ಅಂಕಿ ನಿಜಕ್ಕಿಂತ ಕಡಿಮೆ ಇತ್ತು.

ಆಗ ಎರಡು ಫೈಲನ್ನೂ ಒಂದೇ ದಾರದಲ್ಲಿ ಕಟ್ಟಿದೆ. ಊರಿನವರಿಗೆ, ಮಂಡಳಿಗೆ, ಗಿರಾಕಿಗೆ ನಾವು ಹೇಳುತ್ತಿದ್ದದ್ದು ಒಂದೇ ಕಿಲ್ನ್ ಬಗ್ಗೆ. ಹೇಳುತ್ತಿದ್ದ ಬಾಯಿಗಳು ಮಾತ್ರ ಮೂರು.

ಎಂಡಿ ಕೋಣೆಯಲ್ಲಿ

ಸಭೆಯಲ್ಲಿ ನನ್ನ ಮಾತು ಸುಲಭವಾಗಿ ನಡೆಯಲಿಲ್ಲ. ಮಾಪಕದ ಅಂಕಿ ನಮ್ಮ ಪರ ಇರುವಾಗ ನಾವಾಗಿಯೇ ಯಾಕೆ ಹೇಳಬೇಕು ಎಂಬ ಪ್ರಶ್ನೆ ಬಂತು. ಆ ಪ್ರಶ್ನೆ ಕೇಳಿದವರು ಕೆಟ್ಟವರಲ್ಲ. ನೂರಾರು ಜನರ ಸಂಬಳದ ಹೊಣೆ ಹೊತ್ತವರು.

ನಾನು ಮೂರು ಕಾರಣ ಹೇಳಿದೆ. ಮೊದಲನೆಯದು ಸಾಕ್ಷಿಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಅದರಲ್ಲಿ ದಾಖಲೆಯ ಹ್ಯಾಶ್ ಸಂಖ್ಯೆ (ದಾಖಲೆ ಬದಲಾಗಿಲ್ಲ ಎಂದು ತೋರಿಸುವ ಗುರುತು) ಇರಬೇಕು, ಎರಡನೇ ಭಾಗಕ್ಕೆ ತಜ್ಞರ ಸಹಿ ಬೇಕು. ಮಾಪಕದ ಅಂಕಿಗೆ ಸಹಿ ಹಾಕುವವರನ್ನು ಯಾರಾದರೂ "ಆ ಹೊತ್ತಿನಲ್ಲಿ ಕ್ಯಾಪ್ ಮುಚ್ಚಿತ್ತೇ?" ಎಂದು ಕೇಳಿದರೆ ಏನು ಹೇಳುತ್ತಾರೆ?

ಎರಡನೆಯದು ನಮ್ಮದೇ ಸ್ಥಾನ. ಪೂರ್ಣಾವಧಿ ಸಂಬಳಕ್ಕೆ ಸೇರಿದ ಮೇಲೆ ನಾವು ವಕೀಲಿ ಮಾಡುವ ಹಾಗಿಲ್ಲ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ವಕೀಲ ಮತ್ತು ಕಕ್ಷಿದಾರರ ನಡುವಿನ ಗೋಪ್ಯತೆಯ ಪೂರ್ತಿ ರಕ್ಷಣೆ ಕಂಪನಿಯೊಳಗಿನ ಕಾನೂನು ಸಲಹೆಗಾರರಿಗೆ ಇಲ್ಲ, ಅದೇ ಸಾಕ್ಷ್ಯ ಅಧಿನಿಯಮದ 134ನೇ ಕಲಮಿನ ಸೀಮಿತ ರಕ್ಷಣೆ ಮಾತ್ರ ಇದೆ. ನಾವು ಒಬ್ಬರಿಗೊಬ್ಬರು ಬರೆದ ಇಮೇಲ್ ನಾಳೆ ಹೊರಬರಬಹುದು. ಎಲ್ಲರಿಗೂ ಗೊತ್ತಿದ್ದೂ ಮುಚ್ಚಿಟ್ಟೆವು ಎಂಬುದು ಅದರಲ್ಲೇ ಕಾಣುತ್ತದೆ.

ಮೂರನೆಯದಾಗಿ ಹಿಟ್ಟಿನ ಡಬ್ಬಿಯ ಮಾತು ಹೇಳಿದೆ. ಎಂಡಿ ಸಾಹೇಬರು ಇದೇ ಜಿಲ್ಲೆಯವರು. ಅವರ ಮನೆಯಿಂದಲೂ ಜಾತ್ರೆಗೆ ರೊಟ್ಟಿ ಹೋಗುತ್ತದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಖರ್ಚು ಎಷ್ಟು ಬರ್ತದೆ, ಅದನ್ನ ಹೇಳ್ರಿ" ಅಂದರು.

ಪರಿಸರ ಪರಿಹಾರಕ್ಕೆ ಕೇಂದ್ರ ಮಂಡಳಿಯ ಸೂತ್ರ ಇದೆ. ಜಾಸ್ತಿ ಮಾಲಿನ್ಯದ ಕೆಂಪು ವರ್ಗದ ಉದ್ದಿಮೆಗೆ 80, ಅದನ್ನು ದಿನಗಳ ಸಂಖ್ಯೆಯಿಂದ, 250 ರೂಪಾಯಿಯಿಂದ, ದೊಡ್ಡ ಘಟಕಕ್ಕೆ 1.5ರಿಂದ ಗುಣಿಸಬೇಕು. ಕೊನೆಗೆ ಜಾಗಕ್ಕೂ ಒಂದು ಗುಣಕ ಇದೆ, ಸುತ್ತ ದೊಡ್ಡ ನಗರ ಇಲ್ಲದಿದ್ದರೆ ಅದು 1. ಐದು ರಾತ್ರಿಗೆ 1 ಲಕ್ಷ 50 ಸಾವಿರ. ಪರಿಹಾರ ಕೇಳುವ ಅಧಿಕಾರ ಮಂಡಳಿಗಳಿಗೆ ಇದೆ, ಆದರೆ ಅದಕ್ಕೆ ನಿಯಮಗಳು ಬೇಕು ಎಂದು 2025ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪು ಹಿಡಿದು ವಾದ ಮಾಡಬಹುದಿತ್ತು. ಬೇಡ ಎಂದು ತೀರ್ಮಾನವಾಯಿತು. ನನ್ನ ಅನಿಸಿಕೆ ಕೇಳಿದರೆ, ಆ ಊರಿನ ನಷ್ಟದ ಮುಂದೆ ಈ ಮೊತ್ತ ಕಡಿಮೆಯೇ.

ಬರೆದದ್ದು, ಬದಲಾದದ್ದು

ಮಂಡಳಿಗೆ ಐದೂ ರಾತ್ರಿಗಳನ್ನು ನಿಮಿಷದ ಲೆಕ್ಕದಲ್ಲಿ ಬರೆದೆವು. ಚಿಮಣಿಯ ಮಾಪಕ ಆಗ ಯಾಕೆ ಕಡಿಮೆ ತೋರಿಸಿತು ಎಂಬುದನ್ನೂ ನಾವೇ ವಿವರಿಸಿದೆವು. ಅರ್ಧವಾರ್ಷಿಕ ವರದಿಯ ಆ ಸಾಲು ಹೋಯಿತು, ನಾಲ್ಕು ದಿನಾಂಕ ಬಂದವು. ಗಿರಾಕಿಗೆ ತಿದ್ದಿದ ಹಾಳೆ ಹೋಯಿತು. ಅಂಕಿ ಜಾಸ್ತಿಯಾಗಿತ್ತು. ಅವರು ಒಪ್ಪಂದ ಮುರಿಯಲಿಲ್ಲ, ಪರಿಶೀಲಕರನ್ನು ಕಳುಹಿಸುತ್ತೇವೆ ಅಂದರು. ನಿಜವಾದ ಅಂಕಿ ತೋರಿಸಬೇಕಾದರೆ ಯುರೋಪಿನ ನಿಯಮದಲ್ಲಿ ಮಾನ್ಯತೆ ಪಡೆದ ಪರಿಶೀಲಕರ ಮುದ್ರೆ ಇನ್ನು ಬೇಕೇ ಬೇಕು.

ಈ ಉತ್ತರ ತಯಾರಿಸುವಾಗ ಎಐ ಕೂಡ ಬಳಸಿ ನೋಡಿದೆವು. ಇಂಗ್ಲಿಷ್ ಕರಡು ಚೆನ್ನಾಗಿ ಬಂತು. ಜೊತೆಗೆ ಅದು ಒಂದು ತೀರ್ಪನ್ನೂ ಉಲ್ಲೇಖಿಸಿತ್ತು. ಹುಡುಕಿದರೆ ಅಂಥ ತೀರ್ಪೇ ಇಲ್ಲ. ಇಲ್ಲದ ತೀರ್ಪುಗಳನ್ನು ಆಧರಿಸಿ ಆದೇಶ ಬರೆದ ಬೆಂಗಳೂರಿನ ಒಂದು ಕೆಳಗಿನ ನ್ಯಾಯಾಲಯದ ವಿಷಯವನ್ನು ಕರ್ನಾಟಕ ಹೈಕೋರ್ಟ್ 2025ರಲ್ಲೇ ಗಂಭೀರವಾಗಿ ತೆಗೆದುಕೊಂಡಿದೆ. ಈಗ ನಮ್ಮಲ್ಲಿ ಒಂದೇ ನಿಯಮ: ಮೂಲ ತೀರ್ಪಿನ ಪ್ರತಿ ಫೈಲಿನಲ್ಲಿ ಇಲ್ಲದಿದ್ದರೆ ಅದರ ಹೆಸರು ಉತ್ತರದಲ್ಲಿ ಇರುವ ಹಾಗಿಲ್ಲ.

ಕ್ಯಾಪ್‌ಗೆ ಒಂದು ಸೆನ್ಸರ್ ಬಂತು. ತೆರೆದ ಕೂಡಲೇ ಹೊತ್ತು ದಾಖಲಾಗುತ್ತದೆ, ಪ್ಲಾಂಟ್ ಹೆಡ್‌ಗೂ ನನಗೂ ಸಂದೇಶ ಬರುತ್ತದೆ. ಕ್ಯಾಪ್ ತೆರೆದರೆ ಕಿಲ್ನ್‌ಗೆ ಕಲ್ಲಿದ್ದಲು ಹೋಗುವುದು ತಾನಾಗಿ ನಿಲ್ಲುತ್ತದೆ. ದೊಡ್ಡ ಜನರೇಟರಿಗೆ ಆರ್ಡರ್ ಹೋಗಿದೆ. ಮಾಪಕದ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಕೇಳಿದಾಗ, ಅದನ್ನು ಕೂರಿಸಿದ ಹೊರಗಿನವರ ಹತ್ತಿರ ಮಾತ್ರ ಇದೆ ಎಂದು ಗೊತ್ತಾಯಿತು. ಈಗ ಯಾರು, ಯಾವಾಗ ಒಳಹೊಕ್ಕರು ಎಂಬ ಪಟ್ಟಿ ನಮಗೂ ಬರುತ್ತದೆ. ಕಲ್ಲಿದ್ದಲಿಗೆ ಒಂದೇ ರಿಜಿಸ್ಟರ್. ಬಂದ ತೂಕ, ತೇವ, ಕಿಲ್ನ್‌ಗೆ ಹೋದದ್ದು, ಡೋಲೋಚಾರ್ ಎಲ್ಲಿ ಹೋಯಿತು, ಎಲ್ಲವೂ ಅಲ್ಲೇ. ಹೊರಗೆ ಯಾರಿಗೆ ಯಾವ ಅಂಕಿ ಹೋಗಬೇಕಾದರೂ ಅದರಿಂದಲೇ ಹೋಗಬೇಕು, ನಮ್ಮ ಮೂವರಲ್ಲಿ ಒಬ್ಬರು ನೋಡಬೇಕು.

ಪಾಳಿ ಮೇಲ್ವಿಚಾರಕರಿಗೆ ಏನೂ ತೊಂದರೆ ಆಗಬಾರದು ಎಂದು ಎಂಡಿ ಸಾಹೇಬರಿಂದ ಮೊದಲೇ ಬರಹದಲ್ಲಿ ಪಡೆದಿದ್ದೆ. ಈಗ ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಕಿರಿಯ ವಕೀಲೆ ಆ ಮೇಲ್ವಿಚಾರಕರ ಜೊತೆ ಅರ್ಧ ಗಂಟೆ ಕಿಲ್ನ್ ಸುತ್ತುತ್ತಾರೆ. ಸೆನ್ಸರಿಗಿಂತ ಜಾಸ್ತಿ ವಿಷಯ ತಿಳಿಯುವುದು ಆ ಅರ್ಧ ಗಂಟೆಯಲ್ಲಿ.

ಗೇಟಿನ ಮುಂದೆ ಮಾಲಿನ್ಯದ ಅಂಕಿ ತೋರಿಸುವ ಬೋರ್ಡು ಮೊದಲಿನಿಂದಲೂ ಇತ್ತು, ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲಿ ಬರೆಸಿ, ಕೆಳಗೆ ಒಂದು ಸಾಲು ಸೇರಿಸಿದ್ದೇವೆ. ಈ ತಿಂಗಳು ಕ್ಯಾಪ್ ತೆರೆದದ್ದು ಎಷ್ಟು ಸಲ, ಎಷ್ಟು ನಿಮಿಷ ಎಂದು. ಡಿಸೆಂಬರ್‌ನಲ್ಲಿ ಸೊನ್ನೆ ಬರೆದಿದ್ದೆವು, ಊರಿನ ಹುಡುಗರು ನಂಬಲಿಲ್ಲ. ಜಾತ್ರೆ ಮುಗಿದ ವಾರ ಕರೆಂಟು ಹೋಗಿ ಒಂದು ಸಲ ತೆರೆಯಬೇಕಾಯಿತು. ರಾತ್ರಿ 2 ಗಂಟೆಗೆ ನನ್ನ ಫೋನಿಗೆ ಸಂದೇಶ ಬಂತು. ಬೆಳಿಗ್ಗೆ ಬೋರ್ಡಿನಲ್ಲಿ ಬರೆಸಿದೆವು: ಒಂದು ಸಲ, 6 ನಿಮಿಷ. ಒಬ್ಬ ಹುಡುಗ ಬೈಕ್ ನಿಲ್ಲಿಸಿ ಅದರ ಫೋಟೋ ತೆಗೆದುಕೊಂಡು ಹೋದ.